ರೇಸ್ ಫೋಟೋಗೆ ಕ್ಯಾಮೆರಾ, ಲೆನ್ಸ್ ಆರಿಸಿದ್ದು: ನನ್ನ ಅನುಭವ

ದಾವಣಗೆರೆ ಕಡೆ ಹುಡುಗ್ರು ಯಾರಾದ್ರೂ "ಅಣ್ಣಾ, ಬೈಕ್ ರೇಸ್ ಫೋಟೋ ತೆಗೀಬೇಕು, ಯಾವ ಕ್ಯಾಮೆರಾ ತಗೊಳ್ಲಿ" ಅಂತ ಕೇಳಿದ್ರೆ ನಾನು ಮೊದ್ಲು ಕೇಳೋದು "ಎಲ್ಲಿ ನಿಂತ್ಕೊಂಡು ತೆಗೀತೀಯಪ್ಪ" ಅಂತ. ಲೆನ್ಸ್ ಯಾವ್ದು ಅನ್ನೋದು ತೀರ್ಮಾನ ಆಗೋದೇ ಅಲ್ಲಿ, ಲೆನ್ಸ್ ಗೊತ್ತಾದ್ರೆ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಯಾವ್ದು ಅನ್ನೋದು ಅರ್ಧ ತಾನಾಗೇ ಗೊತ್ತಾಗುತ್ತೆ.

ನಮ್ ಕಡೆ ಊರಾಚೆ ಮಣ್ಣಿನ ಟ್ರ್ಯಾಕ್ ಮಾಡಿ ಓಡಿಸೋ ಬೈಕ್ ರೇಸು, ಚಿಕ್ಕಮಗಳೂರಲ್ಲಿ ಕಾಫಿ ತೋಟದೊಳಗೆ ನಡಿಯೋ ಕಾರ್ ರ್‍ಯಾಲಿ, ಇಲ್ಲೆಲ್ಲಾ ಗಾಡಿ 15-20 ಮೀಟರ್ ದೂರದಲ್ಲೇ ಹೋಗುತ್ತೆ. ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರ್) ಬಾಡಿ ಮೇಲೆ ಲೆಕ್ಕ ಹಾಕಿದ್ರೆ 20 ಮೀಟರ್ ಆಚೆ ಇರೋ 4 ಮೀಟರ್ ಉದ್ದದ ಕಾರು 100 ಎಂಎಂ ಲೆನ್ಸಿಗೇ (ಎಂಎಂ ಜಾಸ್ತಿ ಆದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತೆ) ಫ್ರೇಮ್ ತುಂಬುತ್ತೆ, ಅಲ್ಲಿಗೆ 600 ಎಂಎಂ ಹೊತ್ಕೊಂಡು ಹೋದ್ರೆ ಬರೀ ಹೆಲ್ಮೆಟ್ ಬರುತ್ತೆ ಅಷ್ಟೇ. ಅದೇ ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ ಬೇಲಿ ಆಚೆ ನಿಂತ್ರೆ ಆಗ 400 ಬೇಕೇ ಬೇಕು.

ನಾನು ಹೊಟ್ಟೆಪಾಡಿಗೆ ಮದ್ವೆ ಫೋಟೋ ಮಾಡೋನು, ರೇಸ್ ಫೋಟೋ ನನ್ನ ಪ್ರೀತಿಗೆ. ಹಂಗಾಗಿ ದುಡ್ಡು ಲೆನ್ಸಿಗೆ ಹಾಕಿ ಬಾಡಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಕ್ಯಾನನ್ 7ಡಿ ಮಾರ್ಕ್ 2, 2014ರಲ್ಲಿ ಬಂದಿದ್ದು, ಸೆಕೆಂಡಿಗೆ 10 ಫ್ರೇಮು, 65 ಫೋಕಸ್ ಪಾಯಿಂಟು ಅಷ್ಟೂ ಕ್ರಾಸ್ ಟೈಪು (ಅಡ್ಡ ಉದ್ದ ಎರಡೂ ಗೆರೆ ಹಿಡಿಯೋವು). ಮೆಗಾಪಿಕ್ಸೆಲ್ 20 ಅಷ್ಟೇ, ನನಗೆ ಅದು ಧಾರಾಳ ಸಾಕು. ನಿಕಾನ್ ಲೆನ್ಸ್ ಇರೋರಿಗೆ ಇದೇ ಲೆಕ್ಕದಲ್ಲಿ ಡಿ500 ಐತೆ, ಫೋಕಸ್‌ನಲ್ಲಿ ಅದು ಇನ್ನೂ ಒಂದು ಕೈ ಮೇಲು ಅಂತಾನೇ ನನ್ನ ಅಭಿಪ್ರಾಯ. ಎರಡಕ್ಕೂ ಶಟರ್ 2 ಲಕ್ಷ ಕ್ಲಿಕ್ಕಿಗೆ ಟೆಸ್ಟ್ ಮಾಡಿರೋದು, ಅದಕ್ಕೇ ಬೆಂಗಳೂರಲ್ಲಿ ತಗೊಳ್ಳುವಾಗ ಮೊದ್ಲು ಶಟರ್ ಕೌಂಟ್ (ಇದುವರೆಗೆ ಎಷ್ಟು ಕ್ಲಿಕ್ ಆಗೈತೆ ಅನ್ನೋದು) ಕೇಳ್ದೆ, ಆಮೇಲೆ ಅಂಗಡಿ ಹೊರಗೆ ರಸ್ತೆಗೆ ಬಂದು ಎದುರಿಗೆ ಬರೋ ಬೈಕುಗಳನ್ನ ಸರ್ವೋ ಮೋಡಲ್ಲಿ (ಓಡೋ ಗಾಡೀನ ಫೋಕಸ್ ಬಿಡದೆ ಹಿಂಬಾಲಿಸೋದು) ಹಿಡಿದು ನೋಡ್ದೆ. ಒಳಗೆ ಗೋಡೆ ಫೋಟೋ ತೆಗೆದು ನೋಡಿದ್ರೆ ಏನೂ ತಿಳಿಯಲ್ಲ, ನಿಮ್ ಕಡೆಗೇ ನುಗ್ಗಿ ಬರೋ ಗಾಡಿ ಮೇಲೆ ಫೋಕಸ್ ನಿಲ್ಲುತ್ತಾ ಇಲ್ವಾ ಅನ್ನೋದು ಮುಖ್ಯ.

ಲೆನ್ಸ್ 70-200 ಎಫ್/4 ಐಎಸ್. ಎಫ್ ನಂಬರ್ ಸಣ್ಣದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತೆ, ಐಎಸ್ ಅಂದ್ರೆ ಕೈ ಅಲ್ಲಾಟ ಸರಿ ಮಾಡೋದು. ಎಫ್/2.8 ಯಾಕೆ ಬೇಡ ಅಂದ್ರೆ ಅದು ಒಂದೂವರೆ ಕೆಜಿ, ಇದು ಅದರರ್ಧ, ಬೆಳಗ್ಗೆಯಿಂದ ಸಂಜೆವರೆಗೂ ಗಾಡಿ ಹಿಂದೆ ತಿರುಗಿಸ್ತಾ ಇರ್ಬೇಕು, ಮೇಲಾಗಿ ನಮ್ಮ ದುರ್ಗ ದಾವಣಗೆರೆ ಬಿಸಿಲಲ್ಲಿ ಬೆಳಕಿಗೆ ಯಾವತ್ತೂ ಕೊರತೆ ಇಲ್ಲ. ಇದರಲ್ಲಿ ಐಎಸ್ ಮೋಡ್ 2 ಐತೆ, ಪ್ಯಾನಿಂಗ್ (ಓಡೋ ಗಾಡಿ ಜೊತೆಗೇ ಕ್ಯಾಮೆರಾ ತಿರುಗಿಸ್ತಾ ಕ್ಲಿಕ್ ಮಾಡೋದು) ಮಾಡುವಾಗ ಅಡ್ಡ ತಿರುಗೋದನ್ನ ತಡೆಯಲ್ಲ, ಮೇಲೆ ಕೆಳಗೆ ಅಲ್ಲಾಡೋದನ್ನ ಮಾತ್ರ ಸರಿ ಮಾಡುತ್ತೆ.

ಪ್ಯಾನಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಶಟರ್ ಸ್ಪೀಡ್ ಸೆಕೆಂಡಿನ 1/1000ದಲ್ಲಿ ತೆಗೆದ್ರೆ ಚಕ್ರ ನಿಂತೋಗುತ್ತೆ, ಗಾಡಿ ಪಾರ್ಕ್ ಮಾಡಿದಂಗೆ ಕಾಣುತ್ತೆ. ವೇಗ ಕಾಣ್ಬೇಕು ಅಂದ್ರೆ 1/125, ಕೈ ಪಳಗಿದ್ಮೇಲೆ 1/60. ಆದ್ರೆ ಮಧ್ಯಾಹ್ನದ ಬಿಸಿಲಲ್ಲಿ ಐಎಸ್ಓ (ಸೆನ್ಸರ್ ಬೆಳಕು ಹಿಡಿಯೋ ಮಟ್ಟ) 100 ಇಟ್ರೂ 1/60ಕ್ಕೆ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/22ಕ್ಕೆ ಹೋಗಿ ಕೂರುತ್ತೆ, ಅಷ್ಟು ಸಣ್ಣ ಮಾಡಿದ್ರೆ ಫೋಟೋ ಮೆತ್ತಗಾಗುತ್ತೆ, ಜೊತೆಗೆ ಸೆನ್ಸರ್ ಮೇಲಿರೋ ಒಂದೊಂದು ಧೂಳಿನ ಕಣಾನೂ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತೆ. ಅದಕ್ಕೆ ನಾನು ಪೋಲರೈಸರ್ ಫಿಲ್ಟರ್ ಹಾಕ್ತೀನಿ. ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಕಮ್ಮಿ ಅಂದ್ರೆ ಅರ್ಧ ಬೆಳಕು) ಬೆಳಕು ಕಮ್ಮಿಯಾಗಿ ಎಫ್/11, 13ಕ್ಕೆ ಬರುತ್ತೆ, ಮೇಲಿಂದ ಕಾರಿನ ಮುಂದಿನ ಗ್ಲಾಸಿನ ಹೊಳಪು ಹೋಗಿ ಒಳಗಿರೋ ಡ್ರೈವರ್ ಮುಖ ಕಾಣುತ್ತೆ. ಪ್ರಾಕ್ಟೀಸಿಗೆ ರೇಸೇ ಬೇಕು ಅಂತಿಲ್ಲ, ಪಿ.ಬಿ. ರೋಡ್ (ಪುಣೆ-ಬೆಂಗಳೂರು ರಸ್ತೆ) ಪಕ್ಕ ನಿಂತು ಹೋಗೋ ಬರೋ ಬಸ್ಸು ಬೈಕು ಹಿಡೀರಿ, ನನ್ನ ಕೈ ಪಳಗಿದ್ದು ಅಲ್ಲೇ.

ಇನ್ನು ಧೂಳು. ನರ್ಗೀಸ್ ಮಂಡಕ್ಕಿಗೆ ಪುಟಾಣಿ ಹಿಟ್ಟು ಹತ್ತಿದಂಗೆ ಮೈಗೆಲ್ಲಾ ಕ್ಯಾಮೆರಾಗೆಲ್ಲಾ ಹತ್ತಿರುತ್ತೆ. ಟ್ರ್ಯಾಕ್ ಪಕ್ಕ ಲೆನ್ಸ್ ಬಿಚ್ಚೋ ಮಾತೇ ಇಲ್ಲ. ನನ್ನ ಮದ್ವೆ ಕೆಲಸದ ಕ್ಯಾಮೆರಾಗೆ 24-105 ಲೆನ್ಸ್ ಹಾಕಿ ಹೆಗಲಿಗೆ ಹಾಕ್ಕೊಂಡಿರ್ತೀನಿ, ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನ ಹಿಂದಿಟ್ಟು ಕಾರು ಚಿಕ್ಕದಾಗಿ ಬರೋ ಫೋಟೋ ಅದರಲ್ಲೇ ತೆಗೆಯೋದು. ಧೂಳಿನ ಮೋಡ ಅಡ್ಡ ಬಂದಾಗ ಫೋಕಸ್ ಅದಕ್ಕೆ ಹೋಗಿ ಅಂಟ್ಕೊಳ್ಳುತ್ತಲ್ಲ, 7ಡಿ ಮಾರ್ಕ್ 2ರ ಎಎಫ್ (ಆಟೋಫೋಕಸ್) ಮೆನುವಲ್ಲಿ ಕೇಸ್ 2 ಹಾಕಿದ್ರೆ ಅಡ್ಡ ಬಂದಿದ್ದನ್ನ ಬಿಟ್ಟು ಹಿಂದೆ ಹಿಡಿದಿದ್ದ ಗಾಡೀನೇ ಹುಡುಕುತ್ತೆ. ಫೋಕಸ್ಸನ್ನ ಶಟರ್ ಬಟನ್ನಿಂದ ತೆಗೆದು ಹಿಂದುಗಡೆ ಹೆಬ್ಬೆರಳಿಗೆ ಸಿಗೋ ಬಟನ್ ಎಎಫ್-ಆನ್‌ಗೆ ಕೊಟ್ಟಿರಿ, ಧೂಳು ದಟ್ಟ ಆದಾಗ ಹೆಬ್ಬೆರಳು ಎತ್ತಿದ್ರೆ ಆಯ್ತು, ಫೋಕಸ್ ಇದ್ದಲ್ಲೇ ನಿಲ್ಲುತ್ತೆ.

ಹೊಸದಾಗಿ ತಗೊಳ್ಳೋರು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಡೆ ಹೋಗೋದೇ ಸರಿ. ಕ್ಯಾನನ್ ಆರ್7 ಕಾರು ಬೈಕನ್ನ ತಾನೇ ಗುರುತು ಹಿಡಿಯುತ್ತೆ, ಅಡಾಪ್ಟರ್ ಹಾಕಿದ್ರೆ ಕ್ಯಾನನ್ನಿನ ಹಳೇ ಇಎಫ್ ಲೆನ್ಸೂ ನಡಿಯುತ್ತೆ. ಒಂದೇ ಎಚ್ಚರ, ಅದರ ಎಲೆಕ್ಟ್ರಾನಿಕ್ ಶಟರಲ್ಲಿ 30 ಫ್ರೇಮ್ ಬರುತ್ತೆ ಅಂತ ಆಸೆ ಬೀಳ್ಬೇಡಿ, ಅದು ಚಿತ್ರ ಓದೋದು ನಿಧಾನ, ದುಂಡಗಿನ ಚಕ್ರ ವಾರೆಯಾಗಿ ಮೊಟ್ಟೆ ಥರ ಬರುತ್ತೆ. ಮೆಕ್ಯಾನಿಕಲ್ ಶಟರಿನ 15 ಫ್ರೇಮೇ ಬೇಕಾದಷ್ಟಾಯ್ತು.

ದೊಡ್ಡ ಲೆನ್ಸ್ ನಾನಿನ್ನೂ ಸ್ವಂತಕ್ಕೆ ತಗೊಂಡಿಲ್ಲ. ಚೆನ್ನೈ ಕಡೆ ಹೋಗೋದಿದ್ರೆ ಬೆಂಗಳೂರಲ್ಲಿ 100-400 ಬಾಡಿಗೆಗೆ ತಗೊಂಡು ಹೋಗ್ತೀನಿ, ಬೆಳಗ್ಗೆ ಹತ್ತರೊಳಗೆ ದೂರದ ಫೋಟೋ ಎಲ್ಲಾ ಮುಗಿಸ್ತೀನಿ. ಆಮೇಲೆ ಡಾಂಬರಿನಿಂದ ಬಿಸಿ ಹಬೆ ಏಳೋಕೆ ಶುರುವಾದ್ರೆ ಎಷ್ಟು ಲಕ್ಷದ ಲೆನ್ಸ್ ಆದ್ರೂ ದೂರದ ಗಾಡಿ ನೀರಲ್ಲಿ ಅಲ್ಲಾಡಿದಂಗೇ ಬರೋದು, ಆಗ ಹತ್ತಿರದ ತಿರುವಿಗೆ ಬಂದು ಮತ್ತೆ 70-200 ಹಿಡಿಯೋದೇ.