ಬನಹಟ್ಟಿಯ ಹಲ್ಲುನೋವು ಮತ್ತು ನನ್ನ ಔಷಧ ಚೀಟಿ

ಬನಹಟ್ಟಿಯಲ್ಲಿ ದಂತ ಚಿಕಿತ್ಸಾಲಯ ತೆರೆದ ಮೊದಲ ವರ್ಷಗಳಲ್ಲಿ ಹಲ್ಲುನೋವು ಎಂದು ಬಂದವರಿಗೆಲ್ಲ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಎಂಬ ಎರಡು ಆಂಟಿಬಯೋಟಿಕ್‌ಗಳನ್ನೂ (ಬ್ಯಾಕ್ಟೀರಿಯಾ ಸೋಂಕಿನ ಔಷಧ) ಐದು ದಿನಕ್ಕೆ ಬರೆಯುತ್ತಿದ್ದೆ. ಸಂತೆಯ ದಿನ ಹೊರಗಿನ ಬೆಂಚು ತುಂಬಿರುತ್ತಿತ್ತು. ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಶುರು ಮಾಡಲು ಮುಕ್ಕಾಲು ಗಂಟೆ ಬೇಕು; ಚೀಟಿಗೆ ಒಂದು ನಿಮಿಷ ಸಾಕು.

ನನ್ನನ್ನು ತಡೆದು ನಿಲ್ಲಿಸಿದವರು ಮಗ್ಗದ ಮನೆಯ ಒಬ್ಬ ಅಜ್ಜಿ. ಎಲೆಯಡಿಕೆಯ ಚಂಚಿಯಿಂದ ಮಡಚಿದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಗುಳಿಗೆ ಉಳಿದಿದ್ದವು, ಮೇಲೆ ಸುಣ್ಣ ಮೆತ್ತಿತ್ತು. ಆರು ತಿಂಗಳ ಹಿಂದೆ ನಾನೇ ಬರೆದದ್ದು. “ಯಪ್ಪಾ, ನೋವು ಎದ್ದಾಗ ಒಂದೊಂದು ನುಂಗುತ್ತೇನೆ. ಮೊಮ್ಮಗನಿಗೆ ಕೆಮ್ಮು ಬಂದಾಗಲೂ ಎರಡು ಕೊಟ್ಟೆ” ಎಂದರು. ಅವರ ದವಡೆ ಹಲ್ಲು ಮಾತ್ರ ಇದ್ದಲ್ಲೇ ಕೊಳೆಯುತ್ತಿತ್ತು. ಅಂದೇ ಕಿತ್ತೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತಿರುಳಿನ, ಅಂದರೆ ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೃದು ಭಾಗದ, ಉರಿಯೂತದ ನೋವು ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ತಿರುಳು ಸತ್ತ ಮೇಲಂತೂ ಒಳಗೆ ರಕ್ತವೇ ಹರಿಯುವುದಿಲ್ಲ. ರಕ್ತ ಹೋಗದ ಕಡೆಗೆ ಔಷಧ ಹೇಗೆ ಹೋದೀತು? ಹಲ್ಲನ್ನು ತೆರೆದು ಸ್ವಚ್ಛ ಮಾಡಬೇಕು, ಇಲ್ಲವೇ ಕೀಳಬೇಕು. ಅಮೆರಿಕದ ದಂತ ವೈದ್ಯರ ಸಂಘದ 2019ರ ಮಾರ್ಗಸೂಚಿ ಹೇಳುವುದೂ ಇದನ್ನೇ: ಆರೋಗ್ಯವಂತ ವಯಸ್ಕರಿಗೆ ಹಲ್ಲಿನ ಚಿಕಿತ್ಸೆ ಅಂದೇ ಸಿಗುವಂತಿದ್ದರೆ ತಿರುಳಿನ ನೋವಿಗೂ ಒಂದೇ ಕಡೆ ಕಟ್ಟಿದ ಕೀವಿಗೂ ಆಂಟಿಬಯೋಟಿಕ್ ಬೇಡ.

‘ಅಂದೇ’ ಎಂಬುದು ನನಗೆ ನಾಟಿತು. ಹಾಗಾಗಿ ದಿನವೂ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನೋವಿನಿಂದ ಬರುವವರಿಗಾಗಿಯೇ ಕುರ್ಚಿ ಖಾಲಿ ಇಡತೊಡಗಿದೆ. ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಹಲ್ಲು ತೆರೆದು, ತಾತ್ಕಾಲಿಕವಾಗಿ ಮುಚ್ಚಿ ಕಳುಹಿಸುತ್ತೇನೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ನೋವಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ. ಮರುದಿನ ಸಂಜೆ ಫೋನ್ ಮಾಡಿ ವಿಚಾರಿಸುತ್ತೇನೆ. ಒಂದು ನೋಟ್‌ಪುಸ್ತಕವನ್ನೂ ಇಟ್ಟಿದ್ದೇನೆ. ಆಂಟಿಬಯೋಟಿಕ್ ಬರೆದಾಗಲೆಲ್ಲ ಅದರಲ್ಲಿ ಕಾರಣ ಬರೆಯಬೇಕು. ‘ಬೆಂಚು ತುಂಬಿತ್ತು’ ಎಂದು ಬರೆಯಲು ಕೈ ಏಳುವುದಿಲ್ಲ.

ಎಲ್ಲರೂ ಒಪ್ಪಲಿಲ್ಲ. ‘ಪವರ್ ಇರುವ ಗುಳಿಗೆ ಕೊಡಲಿಲ್ಲ’ ಎಂದು ನೇರವಾಗಿ ಔಷಧದಂಗಡಿಗೆ ಹೋದವರಿದ್ದಾರೆ. ಅವರನ್ನು ಬೈಯಲಾರೆ, ಆ ರೂಢಿ ಕಲಿಸಿದವರಲ್ಲಿ ನಾನೂ ಒಬ್ಬ.

ಜ್ವರ ಬಂದಿದ್ದರೆ, ಬಾವು ಹರಡುತ್ತಿದ್ದರೆ, ಬಾಯಿ ತೆರೆಯಲು ಆಗದಿದ್ದರೆ ಆಂಟಿಬಯೋಟಿಕ್ ಖಂಡಿತ ಬರೆಯುತ್ತೇನೆ. ಹಾಗೆಂದು ಕೀವು ಹೊರಬಿಡುವ ಕೆಲಸ ತಪ್ಪುವುದಿಲ್ಲ. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಹೊತ್ತು. ಅದು ಪೆನಿಸಿಲಿನ್ ಗುಂಪಿನದು; ಹಾಗಾಗಿ ಪೆನಿಸಿಲಿನ್ ಒಗ್ಗದಿರುವುದುಂಟೇ ಎಂದು ಮೊದಲೇ ಕೇಳುತ್ತೇನೆ, ಮೂರನೆಯ ದಿನ ಮತ್ತೆ ಬಾಯಿ ನೋಡುತ್ತೇನೆ. ನಾಲಿಗೆಯ ಕೆಳಗೆ ಬಾವು ಎದ್ದು ನುಂಗಲು, ಉಸಿರಾಡಲು ಕಷ್ಟವಾಗುತ್ತಿದ್ದರೆ ಒಂದು ಗಳಿಗೆಯೂ ಕಾಯಿಸದೆ ದೊಡ್ಡ ಆಸ್ಪತ್ರೆಗೆ ಕಳುಹಿಸಿ, ಅಲ್ಲಿನ ವೈದ್ಯರೊಡನೆ ನಾನೇ ಮಾತನಾಡುತ್ತೇನೆ.