ಚಳಿಜ್ವರದ ಜೊತೆ ಉರಿಮೂತ್ರ: ಪ್ರಾಸ್ಟೇಟ್ ಸೋಂಕಿದ್ದರೆ ಏನು ಮಾಡಬೇಕು

ಕೊಡಗಿನ ಮಳೆಗಾಲದಲ್ಲಿ ಚಳಿ ನಡುಕ ಬಂದರೆ ತೋಟದಲ್ಲಿ ನೆನೆದದ್ದಕ್ಕೆ ಎಂದುಕೊಂಡು ಪ್ಯಾರಾಸಿಟಮಾಲ್ ನುಂಗಿ ಮಲಗುವವರೇ ಹೆಚ್ಚು. ಗಂಡಸರಿಗೆ ಆ ಜ್ವರದ ಜೊತೆ ಉರಿಮೂತ್ರ, ಮತ್ತೆ ಮತ್ತೆ ಅವಸರ, ಸಣ್ಣ ಧಾರೆ, ವೃಷಣ ಮತ್ತು ಗುದದ್ವಾರದ ನಡುವೆ ನೋವು ಇದ್ದರೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಸೋಂಕಿರಬಹುದು. ಹೆಚ್ಚಾಗಿ ಕಾರಣ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ.

ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಮೂತ್ರವನ್ನು, ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆಯಾದ ಕಲ್ಚರ್‌ಗೆ ಕೊಡಿ. ಒಂದು ಮಾತ್ರೆ ನುಂಗಿದ ಮೇಲೆ ಕೊಟ್ಟರೂ ರೋಗಾಣು ಬೆಳೆಯದೆ ಹೋಗಬಹುದು. ಶಿಶ್ನದ ತುದಿ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬಿನ ಸ್ಟೆರೈಲ್ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ತಾಗದಿರಲಿ. 2 ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು. ಒಳ ಊರಿನ ತೋಟದಿಂದ ಮಡಿಕೇರಿಗೆ ಬಸ್ಸಿನಲ್ಲಿ ಒಯ್ಯುವ ಬದಲು ಲ್ಯಾಬಿನಲ್ಲೇ ಹಿಡಿದು ಕೊಡುವುದು ಒಳ್ಳೆಯದು.

ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಈ ಗ್ರಂಥಿಯೊಳಕ್ಕೆ ಚೆನ್ನಾಗಿ ಇಳಿಯುತ್ತದೆ. ವಾಡಿಕೆಯ ಡೋಸ್ 500 ಮಿ.ಗ್ರಾಂ, ದಿನಕ್ಕೆ 2 ಸಲ. ಆದರೆ ನಮ್ಮಲ್ಲಿ ಇದಕ್ಕೆ ಬಗ್ಗದ ಇ. ಕೋಲಿ ಬಹಳ, ಕಲ್ಚರ್ ವರದಿ ನೋಡಿ ವೈದ್ಯರೇ ಔಷಧಿ ಬದಲಿಸಬೇಕಾಗಬಹುದು. ಹಾಲು, ಆ್ಯಂಟಾಸಿಡ್ ಜೊತೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರದು. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಟೆಂಡನ್) ನೋಯತೊಡಗಿದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಜ್ವರ ಮೂರನೇ ದಿನಕ್ಕೆ ಬಿಡಬಹುದು. ಅಲ್ಲಿಗೇ ಮಾತ್ರೆ ಬಿಡುವುದೇ ದೊಡ್ಡ ತಪ್ಪು. ಹೊಸ ಸೋಂಕಿಗೆ 2ರಿಂದ 4 ವಾರ, ಹಳೆಯದಕ್ಕೆ 4ರಿಂದ 6 ವಾರ ಬೇಕು. ಸೋಂಕಿರುವಾಗ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ಮಾಡುವ ರಕ್ತಪರೀಕ್ಷೆ) ಬೇಡ, ಅದರ ಅಂಕಿ ಸುಮ್ಮನೆ ಏರಿ ಕ್ಯಾನ್ಸರಿನ ಭಯ ಹುಟ್ಟಿಸುತ್ತದೆ.

ಮೂತ್ರ ಪೂರ್ತಿ ಕಟ್ಟಿದರೆ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ಮಾತು ತೊದಲಿದರೆ ರಾತ್ರಿಯಾದರೂ 108ಕ್ಕೆ ಕರೆಮಾಡಿ.