ಲಿಸ್ಬನ್‌ನಲ್ಲಿ ಒಂದು ಮೂಲೆ ಟೇಬಲ್

ಇವರಿಗೆ ಎಡಗಿವಿ ಕೇಳಿಸುವುದಿಲ್ಲ. ಮದುವೆಯಾಗಿ ಏಳೆಂಟು ವರ್ಷಕ್ಕೆ ಶುರುವಾದ ತೊಂದರೆ, ಈಗ ಆ ಕಡೆಯಿಂದ ಏನು ಹೇಳಿದರೂ ತಲುಪುವುದಿಲ್ಲ. ಮನೆಯಲ್ಲಿ ಅದೊಂದು ವಿಷಯವೇ ಅಲ್ಲ. ನಾನು ಇವರ ಬಲಗಡೆ ಕೂರುತ್ತೇನೆ, ಅಷ್ಟೆ. ಆದರೆ ಸುತ್ತ ಹತ್ತು ಜನ ಮಾತಾಡುವ ಜಾಗಕ್ಕೆ ಹೋದರೆ ಬಲಗಿವಿಯೂ ಸೋತುಹೋಗುತ್ತದೆ. ಆಗ ಇವರು ಸುಮ್ನೆ ತಲೆಯಾಡಿಸುತ್ತಾ ನಗುತ್ತಾರೆ. ಆ ನಗು ಬಂತು ಅಂದರೆ ನಾನು ಹೇಳಿದ್ದು ಏನೂ ಕೇಳಿಸಿಲ್ಲ ಅಂತ ಅರ್ಥ.

ಹದಿನೈದನೇ ವಾರ್ಷಿಕೋತ್ಸವದ ರಾತ್ರಿ ಪೂರ್ತಿ ಆ ನಗುವೇ ಇತ್ತು. ಆಗಲೂ ಬೇರೆ ದೇಶದಲ್ಲಿದ್ದೆವು. ಎತ್ತರದ ಕಟ್ಟಡದ ತುದಿಯಲ್ಲಿ, ಗಾಜಿನ ಗೋಡೆಯ ರೆಸ್ಟೋರೆಂಟ್. ಇಡೀ ನಗರ ಕಾಣುತ್ತದೆ ಅಂತ ಎರಡು ತಿಂಗಳು ಮೊದಲೇ ಬುಕ್ ಮಾಡಿದ್ದೆ. ಸೂರ್ಯ ಮುಳುಗಿದ ಅರ್ಧ ಗಂಟೆಗೆ ಗಾಜು ಕಪ್ಪಾಯಿತು. ಒಳಗೆ ದೀಪ ಜೋರಾಗಿದ್ದರಿಂದ ಆಮೇಲೆ ಕಂಡದ್ದು ನಮ್ಮದೇ ಮುಖ. ಮೇಲಿನಿಂದ ಸ್ಪೀಕರ್ ಸದ್ದು. ನಡುವೆ ಇಬ್ಬರು ಕೆಲಸದವರು ಕೇಕ್ ತಂದು, ಚಪ್ಪಾಳೆ ತಟ್ಟಿ, ಹಾಡು ಹೇಳಿದರು. ಇವರಿಗೆ ಏನಾಗುತ್ತಿದೆ ಅಂತಲೇ ತಿಳಿಯಲಿಲ್ಲ. ಎರಡು ಗಂಟೆ ಮುಗಿದ ಕೂಡಲೇ ಬಿಲ್ ಬಂತು, ಆ ಟೇಬಲ್‌ಗೆ ಮುಂದಿನವರು ಕಾಯುತ್ತಿದ್ದರು. ಊಟ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಆದರೆ ಆ ರಾತ್ರಿ ನಾವಿಬ್ಬರು ಏನು ಮಾತಾಡಿದೆವು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಹಾಗಾಗಿ ಇಪ್ಪತ್ತನೇ ವರ್ಷಕ್ಕೆ ಲಿಸ್ಬನ್‌ಗೆ ಹೋಗೋಣ ಅಂತ ತೀರ್ಮಾನವಾದಾಗ, ನಾನು ರೆಸ್ಟೋರೆಂಟ್ ಹುಡುಕಲಿಲ್ಲ. ಒಂದು ಟೇಬಲ್ ಹುಡುಕಿದೆ. ಇವರ ಎಡಗಡೆ ಗೋಡೆ ಇರಬೇಕು, ಬಲಗಡೆ ನಾನಿರಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಮೊದಲು ಎಲ್ಲರಂತೆ, ಒಳ್ಳೆಯ ರೆಸ್ಟೋರೆಂಟ್‌ಗಳಿಗೆ ನಕ್ಷತ್ರ ಕೊಡುವ ಮಿಷೆಲಿನ್ ಗೈಡ್ ತೆರೆದೆ. ಅದರ ನಕ್ಷತ್ರ ತಟ್ಟೆಯಲ್ಲಿರುವ ಅಡುಗೆಗೆ ಮಾತ್ರ ಕೊಡುವುದು. ಕೂರುವ ಜಾಗ, ಅಲಂಕಾರ, ಗದ್ದಲ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ರುಚಿಯೇ ಮುಖ್ಯ ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಇರಲಿಲ್ಲ.

ಆಮೇಲೆ ಹಿಡಿದದ್ದು ಫೋಟೋಗಳನ್ನು. ರೆಸ್ಟೋರೆಂಟಿನವರು ತೆಗೆಸಿದ ಚೆಂದದ ಫೋಟೋ ಅಲ್ಲ, ಊಟಕ್ಕೆ ಹೋದವರು ತೆಗೆದ ಮಸುಕು ಫೋಟೋ. ಅದರಲ್ಲಿ ಮುಖ ಬಿಟ್ಟು ಹಿಂದೆ ಏನಿದೆ ಅಂತ ನೋಡುತ್ತಿದ್ದೆ. ಪಕ್ಕದ ಟೇಬಲ್ ಎಷ್ಟು ದೂರ? ನೆಲ ಕಲ್ಲಿನದೋ ಮರದ್ದೋ? ಪರದೆ ಇದೆಯಾ, ಮೇಜಿನ ಮೇಲೆ ಬಟ್ಟೆ ಇದೆಯಾ? ಲಿಸ್ಬನ್‌ನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಅಜುಲೇಜು ಅನ್ನುವ ಬಣ್ಣದ ಹೆಂಚನ್ನು ಗೋಡೆಗೆ ಹಾಕಿರುತ್ತಾರೆ. ನೀಲಿ ಬಿಳಿ ಚಿತ್ರ, ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಆದರೆ ಹೆಂಚು, ಕಲ್ಲು, ಗಾಜು ಯಾವುದೂ ಸದ್ದನ್ನು ಹೀರಿಕೊಳ್ಳುವುದಿಲ್ಲ, ಹಾಗೇ ವಾಪಸ್ ಎಸೆಯುತ್ತದೆ. ಮೇಲೆ ಕಮಾನಿನ ಛಾವಣಿ ಇದ್ದರೆ ಮುಗಿಯಿತು, ಆ ಮೂಲೆಯ ಪಿಸುಮಾತು ಈ ಮೂಲೆಗೆ ಬರುತ್ತದೆ. ಹೀಗೆ ನೋಡಿ ನೋಡಿ ನಾಲ್ಕು ಸುಂದರ ಜಾಗಗಳನ್ನು ಬಿಟ್ಟೆ. ಒಂದನ್ನು ಬಿಡುವಾಗ ನಿಜವಾಗಿ ಸಂಕಟವಾಯಿತು.

ನೋಟದ ಆಸೆಯನ್ನೂ ಊಟದಿಂದ ಬೇರೆ ಮಾಡಿದೆ. ಲಿಸ್ಬನ್ ಗುಡ್ಡಗಳ ಊರು. ಮಿರಾದೋರು ಅಂತ ಕರೆಯುವ ನೋಟದ ಕಟ್ಟೆಗಳು ಊರ ತುಂಬ ಇವೆ, ಯಾರು ಬೇಕಾದರೂ ಹೋಗಿ ನಿಲ್ಲಬಹುದು, ಕಾಸು ಕೊಡಬೇಕಾಗಿಲ್ಲ. ಸೂರ್ಯಾಸ್ತ ಅಲ್ಲಿ ನೋಡಿಕೊಂಡು, ಊಟಕ್ಕೆ ಕಿಟಕಿಯೇ ಇಲ್ಲದ ಕೋಣೆಯಾದರೂ ಪರವಾಗಿಲ್ಲ ಅಂತ ನಿಶ್ಚಯಿಸಿದೆ. ಹಾಗಂದುಕೊಂಡ ಮೇಲೆ ಹುಡುಕಾಟ ಎಷ್ಟೋ ಹಗುರಾಯಿತು.

ಊರಿನವರನ್ನು ಕೇಳುವುದು ಒಳ್ಳೆಯದು. ಆದರೆ ಪ್ರಶ್ನೆ ಸರಿಯಾಗಿರಬೇಕು. ನಾವು ಉಳಿಯಲಿದ್ದ ಗೆಸ್ಟ್ ಹೌಸಿನ ಹೆಂಗಸಿಗೆ ಬರೆದಾಗ ‘ಒಳ್ಳೆಯ ರೆಸ್ಟೋರೆಂಟ್ ಯಾವುದು’ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಪ್ರವಾಸಿಗಳಿಗೆ ಹೇಳುವ ಪಟ್ಟಿಯೇ ಬರುತ್ತದೆ. ‘ನಿಮ್ಮ ಅಮ್ಮನ ಹುಟ್ಟುಹಬ್ಬಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ’ ಅಂತ ಕೇಳಿದೆ. ಮೂರು ಹೆಸರು ಕಳಿಸಿದರು. ಮೂರೂ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಅದರಲ್ಲಿ ಒಂದು ಫಾದು ಹಾಡುವ ಮನೆ, ಅಂದರೆ ಫಾದು ಅನ್ನುವ ಪೋರ್ಚುಗಲ್‌ನ ಹಾಡು ಕೇಳುತ್ತಾ ಊಟ ಮಾಡುವ ಜಾಗ. ನೋಡಿದ ಕೂಡಲೇ ಬೇಡ ಅಂದುಕೊಂಡೆ. ಕಿವಿ ಕೇಳಿಸದವರನ್ನು ಹಾಡಿನ ಮನೆಗೆ ಕರೆದುಕೊಂಡು ಹೋಗುವುದೇ? ಆ ಹೆಂಗಸು ಮತ್ತೆ ಬರೆದರು: ಫಾದು ಹಾಡುವಾಗ ಯಾರೂ ಮಾತಾಡುವುದಿಲ್ಲ, ಊರಿನಲ್ಲಿ ಅಷ್ಟು ನಿಶ್ಶಬ್ದವಾದ ಊಟದ ಜಾಗ ಇನ್ನೊಂದಿಲ್ಲ, ಹೋಗಿ ನೋಡಿ ಅಂತ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಮೂರೂ ಕಡೆಗೆ ಒಂದೇ ಮೇಲ್ ಕಳಿಸಿದೆ. ಚಿಕ್ಕದು. ಯಾವ ದಿನ, ಎಷ್ಟು ಗಂಟೆಗೆ, ಇಬ್ಬರು. ನಮ್ಮ ಇಪ್ಪತ್ತನೇ ಮದುವೆ ವಾರ್ಷಿಕೋತ್ಸವ, ಆದರೆ ದಯವಿಟ್ಟು ಕೇಕ್, ಹಾಡು, ಚಪ್ಪಾಳೆ ಬೇಡ. ನಾನು ಮಾಂಸ ತಿನ್ನುವುದಿಲ್ಲ, ಮೀನೂ ತಿನ್ನುವುದಿಲ್ಲ, ಸಾರಿನಲ್ಲೂ ಬೇಡ. ಇದನ್ನು ಹೀಗೆ ಬಿಡಿಸಿ ಬರೆಯಲೇಬೇಕು, ಯಾಕೆಂದರೆ ಅಲ್ಲಿ ಬರೀ ಮಾಂಸ ಬೇಡ ಅಂದರೆ ಮೀನಿನ ಅಡುಗೆ ತಂದಿಡುವುದುಂಟು. ಕೊನೆಗೆ, ನನ್ನ ಗಂಡನಿಗೆ ಒಂದು ಕಿವಿ ಕೇಳಿಸುವುದಿಲ್ಲ, ಗೋಡೆ ಪಕ್ಕದ ಮೂಲೆ ಟೇಬಲ್ ಸಿಗಬಹುದಾ ಅಂತ ಕೇಳಿದೆ.

ಒಂದು ಕಡೆಯಿಂದ ಸೋಮವಾರ ರಜೆ ಅಂತ ಬಂತು. ನಮ್ಮ ದಿನ ಬಿದ್ದದ್ದು ಸೋಮವಾರವೇ. ಅಲ್ಲಿ ಭಾನುವಾರ, ಸೋಮವಾರ ಮುಚ್ಚುವ ಜಾಗ ಜಾಸ್ತಿ, ತಾರೀಕನ್ನು ಮೊದಲೇ ನೋಡಿಕೊಳ್ಳಬೇಕು. ಇನ್ನೊಂದು ಕಡೆಯಿಂದ ಬುಕಿಂಗ್ ಲಿಂಕ್ ಮಾತ್ರ ಬಂತು. ಮೂರನೆಯದು ಆ ಫಾದು ಮನೆ. ಅಲ್ಲಿಂದ ಬಂದ ಉತ್ತರದಲ್ಲಿ ಊಟದ ವಿಷಯ ಎರಡು ಸಾಲು ಇತ್ತು. ಮೂರನೇ ಸಾಲು ಒಂದೇ ಪ್ರಶ್ನೆ.

‘ಯಾವ ಕಿವಿ?’

ಅಲ್ಲಿಗೆ ಹುಡುಕಾಟ ಮುಗಿಯಿತು. ನಾನು ಮೇಲ್‌ನಲ್ಲಿ ಎಡವೋ ಬಲವೋ ಬರೆಯುವುದನ್ನೇ ಮರೆತಿದ್ದೆ. ಓದಿದವರು ಟೇಬಲ್ಲನ್ನು ಕಣ್ಣ ಮುಂದೆ ತಂದುಕೊಂಡು, ಯಾರನ್ನು ಎಲ್ಲಿ ಕೂರಿಸುವುದು ಅಂತ ಯೋಚಿಸಿದ್ದರು. ಇದಕ್ಕಿಂತ ಇನ್ನೇನು ಬೇಕು?

ದುಡ್ಡಿನ ಮಾತೂ ಆಗಲೇ ಮುಗಿಸಿಕೊಂಡೆ. ಫಾದು ಮನೆಗಳಲ್ಲಿ ಎಷ್ಟೋ ಕಡೆ ಒಬ್ಬೊಬ್ಬರು ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಅಂತ ಇರುತ್ತದೆ. ಆ ಮೊತ್ತ ಎಷ್ಟು, ಹಾಡಿಗೆ ಬೇರೆ ಹಣ ಇದೆಯಾ, ಬರದಿದ್ದರೆ ಕಾರ್ಡಿನಿಂದ ಕಡಿತ ಮಾಡುತ್ತಾರಾ, ಎಲ್ಲ ಕೇಳಿದೆ. ಇವರಿಗೂ ಹೇಳಿದೆ. ಬಿಲ್ ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಹಾಗಿರಬಾರದು ಅಲ್ವಾ.

ಭಾನುವಾರ ಸಂಜೆ, ಅಂದರೆ ಹಿಂದಿನ ದಿನ, ಜಾಗ ನೋಡಿಕೊಂಡು ಬರಲು ನಾನೊಬ್ಬಳೇ ಹೋದೆ. ಇದನ್ನು ನಾನು ಈಗ ಎಲ್ಲಿ ಹೋದರೂ ಮಾಡುತ್ತೇನೆ. ಆ ಫಾದು ಮನೆ ಇರುವುದು ಅಲ್ಫಾಮಾದಲ್ಲಿ, ಅದು ಲಿಸ್ಬನ್‌ನ ತೀರ ಹಳೆಯ ಭಾಗ. 1755ರ ಭೂಕಂಪದಲ್ಲಿ ನಗರದ ನಡುಭಾಗ ನೆಲಸಮವಾಯಿತು, ಅಲ್ಲಿ ಅಗಲವಾದ ನೇರ ರಸ್ತೆ ಹಾಕಿ ಹೊಸದಾಗಿ ಕಟ್ಟಿದರು. ಅಲ್ಫಾಮಾ ಬಹುಪಾಲು ಉಳಿದುಕೊಂಡಿತು. ಹಾಗಾಗಿ ಅದರ ಓಣಿಗಳು ಇವತ್ತಿಗೂ ಇಕ್ಕಟ್ಟು, ಮೆಟ್ಟಿಲ ಮೇಲೆ ಮೆಟ್ಟಿಲು. ಎಷ್ಟೋ ಬಾಗಿಲಿಗೆ ಟ್ಯಾಕ್ಸಿ ಬರುವುದೇ ಇಲ್ಲ. ಫೋನಿನ ಮ್ಯಾಪ್ ಐದು ನಿಮಿಷ ಅಂದದ್ದು ನನಗೆ ಹನ್ನೆರಡು ನಿಮಿಷವಾಯಿತು. ನೆಲಕ್ಕೆ ಹಾಸಿದ ಚಿಕ್ಕ ಸುಣ್ಣಕಲ್ಲುಗಳು ತುಳಿದು ತುಳಿದು ನುಣುಪಾಗಿವೆ. ನಾನು ತಂದಿದ್ದ ಎತ್ತರದ ಹಿಮ್ಮಡಿಯ ಚಪ್ಪಲಿ ಪೆಟ್ಟಿಗೆಯಲ್ಲೇ ಉಳಿಯಿತು. ವಾಪಸ್ ಬರಲು ಟ್ಯಾಕ್ಸಿ ಎಲ್ಲಿ ಸಿಗುತ್ತದೆ ಅಂತಲೂ ನೋಡಿದೆ. ಕೆಳಗೆ ಫಾದು ಮ್ಯೂಸಿಯಂ ಇರುವ ಚೌಕಕ್ಕೆ ಬಂದರೆ ಕಾರು ಬರುತ್ತದೆ.

ಒಳಗೆ ಮೇಜಿಗೆ ಬಟ್ಟೆ ಹಾಸುತ್ತಿದ್ದರು. ಹನ್ನೆರಡೋ ಹದಿಮೂರೋ ಟೇಬಲ್, ಅಷ್ಟೆ. ಗೋಡೆಯುದ್ದಕ್ಕೆ ಮರದ ಬೆಂಚು, ಅದರ ತುದಿ ಇನ್ನೊಂದು ಗೋಡೆಗೆ ತಾಗುತ್ತಿತ್ತು. ಅಲ್ಲಿದ್ದ ಒಬ್ಬರು ಕೊನೆಯ ಟೇಬಲ್ ತೋರಿಸಿದರು. ನಾನು ಬೆಂಚಿನ ತುದಿಯಲ್ಲಿ, ಇವರು ಕೂರುವ ಜಾಗದಲ್ಲಿ ಕೂತು ನೋಡಿದೆ. ಎಡಗೈಗೆ ಗೋಡೆ ಸಿಕ್ಕಿತು. ಅಡುಗೆಮನೆ ಬಾಗಿಲು ದೂರ, ಶೌಚಾಲಯದ ದಾರಿ ಆ ಕಡೆ. ಎದುರುಬದುರು ಬೇಡ, ಇಬ್ಬರಿಗೂ ಬೆಂಚಿನ ಮೇಲೆ ಪಕ್ಕಪಕ್ಕ ತಟ್ಟೆ ಇಡಿ ಅಂತ ಕೇಳಿಕೊಂಡೆ. ಆ ಮನುಷ್ಯ ಬುಕಿಂಗ್ ಬರೆಯುವ ಪುಸ್ತಕ ತೆಗೆದರು. ಸೋಮವಾರದ ಹಾಳೆಯಲ್ಲಿ ನನ್ನ ಹೆಸರು, ಕೆಳಗೆ ನೀಲಿ ಶಾಯಿಯಲ್ಲಿ ಪೋರ್ಚುಗೀಸಿನ ಎರಡು ಪದ. ಏನಿದು ಅಂತ ಕೇಳಿದೆ. ಅವರು ತಮ್ಮ ಎಡಗಿವಿ ಮುಟ್ಟಿ ತೋರಿಸಿದರು.

ಸೋಮವಾರ ಸಂಜೆ ಮೊದಲು ಸೆನ್ಯೋರಾ ದೊ ಮೊಂತೆ ಅನ್ನುವ ನೋಟದ ಕಟ್ಟೆಗೆ ಹತ್ತಿದೆವು. ಅಕ್ಟೋಬರ್ ನಡುವಿನಲ್ಲಿ ಅಲ್ಲಿ ಸಂಜೆ 7ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಎಡಕ್ಕೆ ಕೋಟೆ, ಕೆಳಗೆ ಕೆಂಪು ಛಾವಣಿಗಳು, ಆಚೆ ತೇಜು ನದಿ, ದೂರದಲ್ಲಿ ತೂಗುಸೇತುವೆ. ಜನ ಇದ್ದರು, ಗದ್ದಲ ಇತ್ತು. ಅಲ್ಲಿ ಮಾತಾಡಬೇಕಾಗಿರಲಿಲ್ಲ, ಹಾಗಾಗಿ ಗದ್ದಲ ನಮಗೆ ತೊಂದರೆ ಕೊಡಲಿಲ್ಲ. ಬೆಳಕು ಹೋದ ಮೇಲೆ ನಿಧಾನಕ್ಕೆ ಇಳಿದು ಬಂದು 8ಕ್ಕೆ ಬೆಂಚಿನ ಮೇಲೆ ಕೂತೆವು.

ಕೂತ ಕೂಡಲೇ ಬ್ರೆಡ್, ಆಲಿವ್, ಚೀಸ್ ಬಂತು. ಇದಕ್ಕೆ ಅಲ್ಲಿ ಕುವೇರ್ತ್ ಅನ್ನುತ್ತಾರೆ. ಉಚಿತ ಅಂದುಕೊಂಡು ತಿಂದು ಆಮೇಲೆ ಬೇಜಾರು ಮಾಡಿಕೊಳ್ಳುವವರು ಬಹಳ. ತಿಂದರೆ ಬಿಲ್ಲಿಗೆ ಬರುತ್ತದೆ. ಕೇಳದೆ ತಂದಿಟ್ಟದ್ದನ್ನು ಮುಟ್ಟದಿದ್ದರೆ ಹಣ ಹಾಕುವ ಹಾಗಿಲ್ಲ, ಅಲ್ಲಿನ ಕಾನೂನೇ ಹಾಗೆ ಹೇಳುತ್ತದೆ. ನಾವು ಆಲಿವ್ ಇಟ್ಟುಕೊಂಡು ಮಿಕ್ಕಿದ್ದನ್ನು ವಾಪಸ್ ಕಳಿಸಿದೆವು, ಯಾರೂ ಮುಖ ಸಿಂಡರಿಸಲಿಲ್ಲ. ನನಗೆ ಕಾಲ್ದು ವೆರ್ದ್, ಅಂದರೆ ಆಲೂಗಡ್ಡೆ ಮತ್ತು ಸಣ್ಣಗೆ ಹೆಚ್ಚಿದ ಎಲೆಯ ಸೂಪ್. ಅದರ ಮೇಲೆ ಸಾಮಾನ್ಯವಾಗಿ ಹಂದಿ ಸಾಸೇಜಿನ ಚೂರು ಹಾಕುತ್ತಾರೆ, ನನಗೆ ಬೇರೆಯೇ ಮಾಡಿದ್ದರು. ಆಮೇಲೆ ಅಣಬೆ ಅನ್ನ. ಇವರು ಉಪ್ಪು ಮೀನು, ಮೊಟ್ಟೆ, ಕಡ್ಡಿಯಂತೆ ಹೆಚ್ಚಿ ಕರಿದ ಆಲೂಗಡ್ಡೆ ಕಲಸಿದ ಬಕಲ್ಯಾವ್ ತೆಗೆದುಕೊಂಡರು.

9ರ ಹೊತ್ತಿಗೆ ದೀಪ ಸಣ್ಣದಾಯಿತು. ಬುಕಿಂಗ್ ಪುಸ್ತಕದ ಅದೇ ಮನುಷ್ಯ ನಡುವೆ ನಿಂತು ಮೆತ್ತಗೆ ಏನೋ ಹೇಳಿದರು. ನಿಶ್ಶಬ್ದ, ಈಗ ಫಾದು ಹಾಡುತ್ತಾರೆ ಅಂತ ಅದರ ಅರ್ಥ, ಫಾದು ಮನೆಗಳಲ್ಲಿ ಸಾಮಾನ್ಯವಾಗಿ ಹೇಳುವ ಮಾತದು. ಚಮಚದ ಸದ್ದು ನಿಂತಿತು. ಬಡಿಸುವವರು ಇದ್ದಲ್ಲೇ ನಿಂತರು. ಇಬ್ಬರು ವಾದ್ಯದವರು ಕೂತರು. ಒಬ್ಬರದು ಮಾಮೂಲಿ ಗಿಟಾರ್, ಇನ್ನೊಬ್ಬರದು 12 ತಂತಿಯ ಗುಂಡನೆಯ ಪೋರ್ಚುಗೀಸ್ ಗಿಟಾರ್. ಕಪ್ಪು ಶಾಲು ಹೊದ್ದ ಹೆಂಗಸು ನಿಂತುಕೊಂಡು ಕಣ್ಣು ಮುಚ್ಚಿ ಹಾಡಿದರು. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಇದನ್ನು ಯುನೆಸ್ಕೋ 2011ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು ಅಂತ ಓದಿದ್ದೆ. ಆದರೆ ಆಗ ನಾನು ಹಾಡುವವರನ್ನು ನೋಡುತ್ತಿರಲಿಲ್ಲ. ಇವರನ್ನು ನೋಡುತ್ತಿದ್ದೆ.

ಇವರು ನಗುತ್ತಿರಲಿಲ್ಲ. ತಲೆ ಆಡಿಸುತ್ತಿರಲಿಲ್ಲ. ತುಟಿ ಸ್ವಲ್ಪ ತೆರೆದು, ಮುಂದಕ್ಕೆ ಬಾಗಿ, ಕೈಯಲ್ಲಿದ್ದ ಫೋರ್ಕನ್ನು ಕೆಳಗಿಡುವುದನ್ನೂ ಮರೆತು ಕೂತಿದ್ದರು.

ಮೂರು ಹಾಡು ಆದ ಮೇಲೆ ದೀಪ ಹತ್ತಿತು, ಊಟ ಮುಂದುವರಿಯಿತು. ಹಾಡಿನ ನಡುವಿನ ಆ ಬಿಡುವಿನಲ್ಲೂ ಜನ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರು, ಆ ನಿಶ್ಶಬ್ದ ಇನ್ನೂ ಮೈಗೆ ಅಂಟಿಕೊಂಡ ಹಾಗೆ. ಇವರು ನಮ್ಮ ಮೊದಲ ಬಾಡಿಗೆ ಮನೆಯ ವಿಷಯ ತೆಗೆದರು. ಸೋರುತ್ತಿದ್ದ ನಲ್ಲಿಗೆ ರಾತ್ರಿ ಬಟ್ಟೆ ಸುತ್ತುತ್ತಿದ್ದೆ ನೀನು, ನಿದ್ದೆ ಬರಲ್ಲ ಅಂತ, ಆಗ ನನಗೂ ಆ ಸದ್ದು ಕೇಳಿಸುತ್ತಿತ್ತು ಅಂದರು. ನಾನು ಪಿಸುಮಾತಿನಲ್ಲಿ ಉತ್ತರ ಹೇಳಿದೆ. ‘ಏನು?’ ಅಂತ ಕೇಳಲಿಲ್ಲ. ಎರಡನೇ ಸಲ, ಮೂರನೇ ಸಲ ಹಾಡಿದರು, ಅಷ್ಟರಲ್ಲಿ 11 ದಾಟಿತ್ತು. ಏಳಿ ಅಂತ ಯಾರೂ ಹೇಳಲಿಲ್ಲ. ಕೇಕ್ ಬರಲಿಲ್ಲ. ಬಿಲ್ ಜೊತೆ ಎರಡು ಚಿಕ್ಕ ಲೋಟ ಜಿಂಜಿನ್ಯ, ಹುಳಿ ಚೆರ್ರಿಯ ಸಿಹಿ ಮದ್ಯ, ಸದ್ದಿಲ್ಲದೆ ತಂದಿಟ್ಟು ಹೋದರು.

ಹೊರಗೆ ಹನಿ ಬಿದ್ದು ಕಲ್ಲು ಒದ್ದೆಯಾಗಿತ್ತು. ಮೆಟ್ಟಿಲು ಇಳಿಯುವಾಗ ಇವರ ಬಲಗೈ ಹಿಡಿದುಕೊಂಡೆ. ಮ್ಯೂಸಿಯಂ ಎದುರಿನ ಚೌಕದಲ್ಲಿ ಟ್ಯಾಕ್ಸಿಗೆ ಕಾಯುತ್ತಾ ನಿಂತಾಗ ಕೇಳಿದೆ, ‘ಏನ್ರೀ, ಹಾಡು ಏನಾದರೂ ಅರ್ಥ ಆಯ್ತಾ?’

‘ಒಂದು ಪದವೂ ಅರ್ಥ ಆಗಲಿಲ್ಲ,’ ಅಂದರು. ‘ಎಲ್ಲ ಕೇಳಿಸಿತು.’

ಟ್ಯಾಕ್ಸಿ ಬಂತು. ಇವರು ಮೊದಲು ಹತ್ತಿ, ಎಡಗಡೆಯ ಕಿಟಕಿವರೆಗೆ ಸರಿದು ನನಗೆ ಜಾಗ ಬಿಟ್ಟರು.